ಕಣದ ಮೇಲಿನ ರಿಂಗು

ಕಲಬುರಗಿಯಿಂದ ವಿಜಯಪುರಕ್ಕೆ ಹೊರಟಿದ್ದ ಬಸ್ಸು ಸಿಂದಗಿಯಲ್ಲಿ ನಿಂತಿತು. ಪಕ್ಕದ ಸೀಟಿನ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದುಕೊಂಡು, "ಏನ್ ಧೂಳ್ರೀ ಇದು! ಕಿಡಕಿ ಹಾಕ್ರಿ ಅಕ್ಕಾರ" ಎಂದರು. ನಾನು ಹಾಕಲಿಲ್ಲ. ಅದು ಬರೀ ಧೂಳಲ್ಲ, ತೊಗರಿಯ ಹೊಟ್ಟು. ಜನವರಿಯಲ್ಲಿ ಮಾರ್ಕೆಟ್ಟಿನ ಕಡೆಯಿಂದ ಗಾಳಿ ಬೀಸಿದರೆ ಇಡೀ ಊರಿಗೆ ಇದೇ ವಾಸನೆ: ಒಣಕಲು, ಕೊಂಚ ಕಹಿ, ಗಂಟಲಲ್ಲಿ ಕೆರೆಯುವಂಥದ್ದು. ಬೇರೆಯವರಿಗೆ ಇದರಿಂದ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಕೆಟ್ಟ ಸಿಟ್ಟಲ್ಲ, ಬೆನ್ನು ನೆಟ್ಟಗೆ ಮಾಡುವ ಸಿಟ್ಟು. ಪಿಯುಸಿ ಎರಡನೇ ವರ್ಷದಲ್ಲಿ ಇದೇ ಊರಿನಲ್ಲಿ ಅದನ್ನು ಸಂಪಾದಿಸಿದೆ, ಇವತ್ತಿಗೂ ಖರ್ಚಾಗಿಲ್ಲ.

ಚಹಾ ಕುಡಿದು ಬರುತ್ತೇನೆಂದು ಕಂಡಕ್ಟರಿಗೆ ಹೇಳಿ ಇಳಿದೆ. ಚಹಾ ಮುಗಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ಹೋದರೆ ಹೋಗಲಿ, ಸಿಂದಗಿಯಲ್ಲಿ ವಿಜಯಪುರದ ಬಸ್ಸಿಗೇನು ಬರವೇ. ಕಾಲು ತಾವಾಗಿಯೇ ಕಾಲೇಜಿನ ಬಯಲಿನ ಕಡೆ ತಿರುಗಿದವು.

ಆ ವರ್ಷ ನಮ್ಮ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಮೆಹರುನ್ನಿಸಾ ನಾಯಕಿ. ನಾವೆಲ್ಲ ಮೆಹರು ಎನ್ನುತ್ತಿದ್ದೆವು. ಅವಳ ಅಪ್ಪ ಖಾದರಸಾಬರದು ಮಾರ್ಕೆಟ್ಟಿನಲ್ಲಿ ದಲಾಲಿ ಅಂಗಡಿ. ಸುತ್ತಲಿನ ಹಳ್ಳಿಗಳ ಅರ್ಧ ತೊಗರಿ ಅವರ ಮೂಲಕವೇ ಮಾರಾಟವಾಗುತ್ತಿತ್ತು. ಕಸ್ತೂರಿ ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು, ಹಲಸಂಗಿಯಿಂದ ಬಂದು ಹಾಸ್ಟೆಲ್ಲಿನಲ್ಲಿದ್ದಳು. ನಾನು ಸುವರ್ಣಾ. ಎತ್ತರವಿಲ್ಲ, ಓಟವೂ ಅಷ್ಟಕ್ಕಷ್ಟೇ, ಆದರೆ ಗುರಿ ಇತ್ತು. ರಿಂಗಿನ ಬಲಗಡೆ, ಬೇವಿನ ಮರದ ನೆರಳು ಬೀಳುವ ಜಾಗದಲ್ಲಿ ನಿಂತು ನಾನು ಚೆಂಡು ಎಸೆದರೆ ಅದು ದಾರಿ ಕೇಳದೆ ಒಳಗೆ ಹೋಗುತ್ತಿತ್ತು.

ನಮ್ಮ ಅಂಗಳ ಎಂದರೆ ಎರಡು ಕಬ್ಬಿಣದ ಕಂಬ ಮತ್ತು ನಡುವಿನ ನೆಲ. ಆ ನೆಲ ವರ್ಷದಲ್ಲಿ ಎರಡು ತಿಂಗಳು ಖಾದರಸಾಬರ ಕಣವಾಗುತ್ತಿತ್ತು. ಡಿಸೆಂಬರಿನಲ್ಲಿ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಹರಡಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಮೇಲೆ ಸಗಣಿ ಸಾರಿಸುತ್ತಿದ್ದರು. ರಾಶಿ ಮಷಿನ್ನು ಬಂದ ಮೇಲೂ ಈ ಪದ್ಧತಿ ಬಿಡಲಿಲ್ಲ. ತಾಡಪತ್ರಿಯ ಮೇಲೆ ಹರಡಿದರೆ ತೊಗರಿ ಬೆವರುತ್ತದೆ, ಮಣ್ಣಿನ ಕಣ ಅದರ ಹಸಿ ಎಳೆದುಕೊಳ್ಳುತ್ತದೆ ಎಂದು ಖಾದರಸಾಬರು ಹೇಳುತ್ತಿದ್ದರು. ಕಣದ ಮೇಲೆ ಚಪ್ಪಲಿ ಹಾಕುವಂತಿಲ್ಲ. ರಾಶಿ ಇರಲಿ ಬಿಡಲಿ, ಅನ್ನ ಹರಡುವ ಜಾಗ ಅದು. ಹಾಗಾಗಿ ನಾವು ವರ್ಷವಿಡೀ ಬರಿಗಾಲಲ್ಲೇ ಆಡುತ್ತಿದ್ದೆವು. ಕಂಬಕ್ಕೆ ಚೆಂಡು ಬಡಿದರೂ ಮೂಲೆಯಲ್ಲಿ ಕೂತ ಹಮಾಲರು, "ಏ ತಂಗೀ, ಸಾವಕಾಶ, ಕಣ ಒಡದೀತು" ಎಂದು ಕೂಗುತ್ತಿದ್ದರು.

ಈ ಅಂಗಳದಲ್ಲಿ ನಮ್ಮನ್ನು ಯಾರೂ ಸೋಲಿಸುತ್ತಿರಲಿಲ್ಲ. ಹೊರಗೆ ಹೋದರೆ ನಾವು ಯಾರನ್ನೂ ಗೆಲ್ಲುತ್ತಿರಲಿಲ್ಲ. ನಮಗಿಂತ ಮೊದಲಿನ ಹುಡುಗಿಯರದೂ ಇದೇ ಕಥೆ. ಇದಕ್ಕೆ ಊರಿನಲ್ಲಿ ಎಲ್ಲರ ಬಳಿ ಒಂದೊಂದು ವಿವರಣೆ ಇತ್ತು. ಬಸ್ಸಿನ ಪ್ರಯಾಣ, ಹೊರಗಿನ ನೀರು, ಹೆಣ್ಣುಮಕ್ಕಳ ಪುಕ್ಕಲುತನ. ಆ ವರ್ಷ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮತ್ತು ನಾವು ಸೇರಿ ನಾಲ್ಕು ಊರಿನ ಕಾಲೇಜುಗಳು ತಮ್ಮೊಳಗೇ ಒಂದು ಸರಣಿ ಇಟ್ಟುಕೊಂಡಿದ್ದವು. ನಾವು ಇಂಡಿಗೆ ಹೋಗಬೇಕು, ಮುದ್ದೇಬಿಹಾಳಕ್ಕೆ ಹೋಗಬೇಕು, ಬಾಗೇವಾಡಿಯವರು ನಮ್ಮಲ್ಲಿಗೆ ಬರಬೇಕು.

ದೀಪಾವಳಿ ಮುಗಿದು ಇಂಡಿಗೆ ಹೋದೆವು. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು, ಬಿಳಿಜೋಳ ಮೊಣಕಾಲೆತ್ತರ ಎದ್ದಿತ್ತು. ಅವರ ಅಂಗಳ ಕಾಂಕ್ರೀಟಿನದು. ಬೂಟು ಹಾಕಿಕೊಂಡು ಆಡಿದೆವು, ಕಾಲು ನಮ್ಮವೇ ಅಲ್ಲವೆನ್ನಿಸಿತು. ಅದಕ್ಕೂ ಒಗ್ಗಿಕೊಂಡೆವು. ಒಗ್ಗದೇ ಹೋದದ್ದು ಚೆಂಡು. ನಾನು ಎಸೆದದ್ದೆಲ್ಲ ಗಿಡ್ಡ ಬೀಳುತ್ತಿತ್ತು. ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸು ಬರುತ್ತಿತ್ತು. ಆದರೂ ಮೆಹರು ಓಡಿ ಓಡಿ ನಮ್ಮನ್ನು ಹತ್ತಿರ ತಂದು ನಿಲ್ಲಿಸಿದ್ದಳು. ಕೊನೆಯ ಗಳಿಗೆಗೆ ಒಂದೇ ಪಾಯಿಂಟು ಹಿಂದೆ ಇದ್ದೆವು. ಅವರ ಕೈಯಿಂದ ಮೆಹರು ಚೆಂಡು ಕಸಿದು ನನ್ನತ್ತ ಎಸೆದಳು. ನನ್ನ ಜಾಗ, ನನ್ನ ಬಲಗಡೆ, ಎದುರಿಗೆ ಯಾರೂ ಇಲ್ಲ. ಅವರ ಜವಾನ ಕಬ್ಬಿಣದ ತುಂಡಿಗೆ ಬಡಿಯಲು ಸುತ್ತಿಗೆ ಎತ್ತಿದ್ದು ಕಣ್ಣಂಚಿನಲ್ಲಿ ಕಾಣುತ್ತಿತ್ತು. ಎಸೆದೆ. ಚೆಂಡು ಅಂಚಿಗೆ ಬಡಿದು ನನ್ನ ಕಾಲ ಬಳಿಯೇ ಬಂದು ಬಿತ್ತು, ಗಂಟೆ ಹೊಡೆಯಿತು.

ಇಂಡಿಯವರು ನಿಂಬೆ ಶರಬತ್ತು ಕೊಟ್ಟರು. ಅವರ ನಿಂಬೆಯ ಬಗ್ಗೆ ಅವರಿಗೆ ಬಹಳ ಅಭಿಮಾನ. ನನಗೆ ಆ ಹೊತ್ತಿಗೆ ಏನೂ ಬೇಡವಾಗಿತ್ತು, ಆದರೂ ಕುಡಿದೆ. ಸೋತವಳು ಶರಬತ್ತು ಬಿಟ್ಟು ಹೋದಳೆಂದು ಯಾರೂ ಹೇಳಬಾರದು.

ಮರುದಿನ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು ಬಯಲಿಗೇ ಬಂದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಯಾವಾಗಲೂ ಮಡಚಿದ ಪೇಪರು. ಕೆಟ್ಟ ಮನುಷ್ಯರೇನಲ್ಲ, ಆದರೆ ತಾವು ಹೇಳಿದ್ದನ್ನು ತಾವೇ ಮತ್ತೊಮ್ಮೆ ಕೇಳಿಸಿಕೊಂಡು ಖುಷಿಪಡುವ ಜಾತಿ. ನಮ್ಮ ದೈಹಿಕ ಶಿಕ್ಷಕರಾದ ಬಿರಾದಾರ ಸರ್ ಕೈಕಟ್ಟಿ ನಿಂತಿದ್ದರು.

"ಮತ್ತ ಒಂದ ಪಾಯಿಂಟಿಗೆ ಸೋತ್ರಂತಲ್ರೀ ಬಿರಾದಾರ?"

"ಹೌದ್ರಿ. ಕಡೀ ಚೆಂಡ ಸ್ವಲ್ಪದಾಗ ತಪ್ಪಿತ್ರಿ."

"ತಪ್ಪದ ಏನ್ ಮಾಡೀತು? ಹೆಣ್ಮಕ್ಕಳ ಕೈ ಅವು. ಕಡೀ ಗಳಿಗ್ಯಾಗ ನಡಗತಾವ. ರೊಟ್ಟಿ ಬಡಿಯೂ ಕೈಲೆ ಚೆಂಡ ಒಗದ್ರ ಎಲ್ಲಿ ಬೀಳತೈತಿ?"

ಹಮಾಲರು ನಕ್ಕರು. ಬಿರಾದಾರ ಸರ್ ಕೂಡ ನಕ್ಕಂತೆ ಮಾಡಿದರು. ನನ್ನ ಕಿವಿ ಕಾದ ಹಂಚಾದವು. ರೊಟ್ಟಿ ಬಡಿಯುವ ಕೈ ನಡುಗಿದರೆ ರೊಟ್ಟಿ ಹರಿದೇ ಹೋಗುತ್ತದೆ. ಈ ವಿಷಯ ರೊಟ್ಟಿ ತಿನ್ನುವವರಿಗೆ ತಿಳಿಯುವುದಿಲ್ಲ, ಬಡಿದವರಿಗೆ ಮಾತ್ರ ತಿಳಿಯುತ್ತದೆ. ನನ್ನ ಕೈ ನಡುಗಿರಲಿಲ್ಲ. ನನ್ನ ಕೈ ನನಗೆ ಗೊತ್ತು. ದಿನಾ ಬೀಳುವ ಹಾಗೆಯೇ ಎಸೆದಿದ್ದೆ, ಅಲ್ಲಿ ಬಿದ್ದಿರಲಿಲ್ಲ. ಇದಕ್ಕೆ ಬೇರೆ ಏನೋ ಕಾರಣ ಇರಲೇಬೇಕೆಂದು ರಾತ್ರಿ ಊಟ ಬಿಟ್ಟು ಅವ್ವನ ಕೈಯಲ್ಲಿ ಬೈಸಿಕೊಂಡೆ.

ಕಾರಣ ಸಿಕ್ಕಿದ್ದು ಕಸ್ತೂರಿಯ ಬಾಯಿಂದ. ಅವಳಿಗೊಂದು ಚಟ. ಆಟ ಶುರುವಾಗುವ ಮೊದಲು ರಿಂಗಿನ ಕೆಳಗೆ ನಿಂತು ಜಿಗಿದು ನೆಟ್ಟಿನ ದಾರ ಮುಟ್ಟಬೇಕು. ಮಾರನೇ ದಿನ ಸಂಜೆ ಜಿಗಿದಳು, ಮುಟ್ಟಿದಳು, ಕೆಳಗಿಳಿದು ಹಾಗೇ ನಿಂತಳು.

"ಸುವರ್ಣಾ, ಇಂಡ್ಯಾಗ ಇದು ನನ್ನ ಕೈಗೆ ಸಿಗಲಿಲ್ಲ ನೋಡ. ಮೂರು ಸಲ ಜಿಗದೆ. ಬೂಟಿನ್ಯಾಗ ಕಾಲ ಜಡ ಆಗ್ಯಾವ ಅಂದಕೊಂಡೆ."

"ಇಲ್ಲಿ ಸಿಗತೈತಿ?"

"ದಿನಾ ಸಿಗತೈತಿ. ಇಂಡಿಗೆ ಹೋಗೂದ್ರಾಗ ನಾ ಗಿಡ್ಡ ಆದ್ನೇನ?"

ನಾನು ಕಂಬ ನೋಡಿದೆ, ಕಸ್ತೂರಿಯನ್ನು ನೋಡಿದೆ, ನೆಲ ನೋಡಿದೆ. ಮೆಹರು ಆಗಲೇ ಮಾರ್ಕೆಟ್ಟಿನ ಕಡೆ ಓಡಿದ್ದಳು. ಅಲ್ಲಿ ಯಾರೋ ಗೌಂಡಿಯ ಕೈಯಿಂದ ಅಳತೆ ಟೇಪು ಇಸಿದುಕೊಂಡು ಬಂದಳು. ಬೆಂಚಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಕಸ್ತೂರಿ. ಅಳೆದೆವು. ರಿಂಗು ಇರಬೇಕಾದ ಎತ್ತರಕ್ಕಿಂತ ಒಂದು ಗೇಣಿನಷ್ಟು ಕೆಳಗಿತ್ತು. ಇನ್ನೊಂದು ತುದಿಯಲ್ಲೂ ಅದೇ ಲೆಕ್ಕ.

ಸಲಾಕೆ ತಂದು ಕಂಬದ ಬುಡದಲ್ಲಿ ಒಂದು ಕುಳಿ ತೋಡಿದೆವು. ಅದರ ಗೋಡೆ ನೋಡಿ ಮೂವರೂ ಕುಕ್ಕರುಗಾಲಿನಲ್ಲಿ ಕೂತುಬಿಟ್ಟೆವು. ಮಣ್ಣು, ಮೇಲೆ ಸಗಣಿಯ ತೆಳು ಗೆರೆ, ಅದರ ಮೇಲೆ ಹೊಟ್ಟಿನ ಪುಡಿ, ಮತ್ತೆ ಮಣ್ಣು, ಮತ್ತೆ ಸಗಣಿ. ಒಂದೊಂದು ಪದರ ಒಂದೊಂದು ವರ್ಷದ ಸುಗ್ಗಿ. ಹೊಸ ಮಣ್ಣು ಹಾಕುತ್ತ ಬಂದಿದ್ದರು, ಹಳೆಯದನ್ನು ಯಾರೂ ತೆಗೆದಿರಲಿಲ್ಲ. ನೆಲ ಸದ್ದಿಲ್ಲದೆ ಮೇಲೆದ್ದಿತ್ತು, ರಿಂಗು ಇದ್ದಲ್ಲೇ ಇದ್ದು ಗಿಡ್ಡವಾಗಿತ್ತು. ತಗ್ಗಿನ ರಿಂಗಿಗೆ ಕೈ ಪಳಗಿಸಿಕೊಂಡು ಹೊರಗೆ ಹೋಗಿ ಗಿಡ್ಡ ಬೀಳಿಸುತ್ತಿದ್ದೆವು. ಇಲ್ಲಿಗೆ ಬಂದವರ ಚೆಂಡು ನಮ್ಮ ರಿಂಗಿನ ಮೇಲೆ ಹಾರಿ ಹೋಗುತ್ತಿತ್ತು, ನಾವು ಅದನ್ನು ನಮ್ಮ ಶೌರ್ಯ ಅಂದುಕೊಂಡಿದ್ದೆವು.

ಬಿರಾದಾರ ಸರ್ ಬಂದು ಕುಳಿಯಲ್ಲಿ ಇಣುಕಿ, "ನಾ ಬಂದಾಗಿಂದನೂ ಹಿಂಗ ಐತಲ್ಲಪಾ" ಎಂದರು. ಹಿಂಗ ಇರಲಿಲ್ಲ, ಹಿಂಗ ಆಗುತ್ತ ಬಂದಿತ್ತು. ಪಾಪ, ಸೀಟಿ ಊದುವುದರಲ್ಲಿ ಅವರು ನೆಲ ನೋಡಿರಲಿಲ್ಲ.

ಅಧ್ಯಕ್ಷರ ಬಳಿ ಹೋದೆವು. ರಿಂಗನ್ನು ಮೇಲೆ ಮಾಡಬೇಕು, ಇಲ್ಲವೇ ಮಣ್ಣು ತೆಗೆಯಬೇಕು ಎಂದೆವು. ಬೋರ್ಡು, ರಿಂಗು, ಕಂಬ ಎಲ್ಲ ಒಂದಕ್ಕೊಂದು ವೆಲ್ಡಿಂಗು ಮಾಡಿದ್ದು. ಕತ್ತರಿಸಲು ಅವರ ಒಪ್ಪಿಗೆ ಬೇಕಿತ್ತು.

"ಕಂಬ ಸಂಸ್ಥೆದ ಆಸ್ತಿ. ಮುಟ್ಟೂಹಂಗಿಲ್ಲ," ಎಂದರು. "ಮಣ್ಣ ತಗದ್ರ ಈ ಊರ ತೊಗರಿ ಎಲ್ಲಿ ಹರವಬೇಕವ್ವಾ? ನಿಮ್ಮ ಮನಿ ಮಾಳಗಿ ಮ್ಯಾಲೇನು?"

"ಅದಕ್ಕ ನಾವು ಹಿಂಗ ಸೋತಕೋತ ಇರಬೇಕೇನ್ರಿ?" ಎಂದು ಮೆಹರು ಕೇಳಿದಳು.

"ಇರಬ್ಯಾಡ್ರಿ. ಈ ವರ್ಸ ಆಡಿ ಮುಗಸ್ರಿ. ಬಾಗೇವಾಡಿದು ಆಟ ಮುಗದ ಮರುದಿನ ಎರಡೂ ಕಂಬ ಕಿತ್ತಸ್ತೇನಿ. ಕಣಕ್ಕೂ ಅಡ್ಡ ಇರೂದಿಲ್ಲ, ಸೋಲೂ ಚಿಂತೀನೂ ಇರೂದಿಲ್ಲ."

ಪೇಪರು ಮಡಚಿ ಎದ್ದು ಹೋದರು. ನಮ್ಮ ನಂತರದ ಹುಡುಗಿಯರಿಗೆ ಆಡಲು ಅಂಗಳವೇ ಇರುವುದಿಲ್ಲ ಎನ್ನುವುದು ಅಲ್ಲಿಗೆ ತೀರ್ಮಾನವಾಯಿತು. ಹುಡುಗರಿಗೆ ಕ್ರಿಕೆಟ್ಟಿತ್ತು, ವಾಲಿಬಾಲ್ ಇತ್ತು, ಊರ ತುಂಬ ಬಯಲಿತ್ತು. ನಮಗೆ ಇದ್ದದ್ದು ಈ ಎರಡು ಕಂಬ. ಹಾಸ್ಟೆಲ್ಲಿನಿಂದ ಸಂಜೆ ಹೊರಗೆ ಬರಲು ಕಸ್ತೂರಿಗೆ ಇದ್ದ ಒಂದೇ ಕಾರಣ, ಮನೆಯಲ್ಲಿ ಹೊಲಿಗೆ ಕಲಿ ಎನ್ನುವವರಿಂದ ತಪ್ಪಿಸಿಕೊಳ್ಳಲು ನನಗಿದ್ದ ಒಂದೇ ದಾರಿ. ಕಿತ್ತುಕೊಳ್ಳಲಿ ನೋಡೋಣ ಎಂದುಕೊಂಡೆ. ಹೇಗೆ ತಡೆಯಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಮುದ್ದೇಬಿಹಾಳದ ಆಟ ಹತ್ತಿರ ಬಂದಿತ್ತು. ಮೆಹರು ತನ್ನ ಅಪ್ಪನ ಗೋದಾಮಿನಿಂದ ಕಾಳು ಸೋಸುವ ಒಂದು ಹಳೇ ದೊಡ್ಡ ಜರಡಿ ತಂದಳು. ಅದರ ಜಾಲರಿ ಕಿತ್ತು ಬಳೆಯನ್ನು ಗೋದಾಮಿನ ಹಿಂಗೋಡೆಗೆ ಸರಿಯಾದ ಎತ್ತರದಲ್ಲಿ ಬಡಿದೆವು. ಬೆಳಿಗ್ಗೆ ಚಳಿಯಲ್ಲಿ, ಹಮಾಲರು ಬರುವ ಮೊದಲು, ಅದಕ್ಕೆ ಚೆಂಡು ಎಸೆಯುವುದೇ ಕೆಲಸ. ಮೊದಮೊದಲು ಭುಜ ಬಿದ್ದುಹೋಗುವಂತೆ ನೋಯುತ್ತಿತ್ತು. ಒಂದು ಗೇಣು ಎಂದರೆ ಎಷ್ಟು ದೂರ ಎಂದು ನನ್ನ ಭುಜಕ್ಕೆ ಆಗ ತಿಳಿಯಿತು.

ಮುದ್ದೇಬಿಹಾಳದಲ್ಲಿ ಹಿಂದಿನ ದಿನ ಅಕಾಲದ ಮಳೆಯಾಗಿತ್ತು. ಕಪ್ಪು ಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಲ್ಲಾಗಿತ್ತು. ಆಟ ಚೆನ್ನಾಗಿರಲಿಲ್ಲ. ಎರಡೂ ಕಡೆಯವರು ಬಿದ್ದದ್ದೇ ಹೆಚ್ಚು. ಕೊನೆಗೆ ಮತ್ತೆ ಅದೇ ಪಾಡು, ಒಂದು ಪಾಯಿಂಟು ಹಿಂದೆ, ಚೆಂಡು ನನ್ನ ಕೈಯಲ್ಲಿ. ಗಿಡ್ಡ ಬೀಳಬಾರದು ಎಂದು ಜೀವವೆಲ್ಲ ಸೇರಿಸಿ ಎಸೆದೆ. ಈ ಸಲ ಉದ್ದವಾಯಿತು! ಬೋರ್ಡಿನ ಮೇಲ್ತುದಿಗೆ ಬಡಿದು ಚೆಂಡು ಸಿಡಿಯಿತು. ನನ್ನ ಬಾಯಿಂದ ಹೆಣ್ಣುಮಕ್ಕಳು ಆಡಬಾರದ ಮಾತೊಂದು ಬಂತು. ಅಷ್ಟರಲ್ಲಿ ಕಸ್ತೂರಿ ನಾಲ್ಕು ಜನರ ನಡುವಿನಿಂದ ಎದ್ದಳು. ಚೆಂಡನ್ನು ಹಿಡಿಯಲಿಲ್ಲ, ಎಸೆಯಲಿಲ್ಲ, ಅಂಗೈಯಿಂದ ತಟ್ಟಿದಳು, ನೊಣ ಹೊಡೆದಂತೆ. ಅದು ರಿಂಗಿನ ಮೇಲೆ ಎರಡು ಸುತ್ತು ಹಾಕಿ ಒಳಗೆ ಇಳಿಯಿತು, ಆಮೇಲೆ ಗಂಟೆ ಹೊಡೆಯಿತು.

ಅಷ್ಟು ಅಸಹ್ಯವಾಗಿ ಯಾರೂ ಯಾವ ಆಟವನ್ನೂ ಗೆದ್ದಿರಲಿಕ್ಕಿಲ್ಲ. ನಾವು ಕೆಸರಿನಲ್ಲೇ ಕುಣಿದೆವು. ಊರ ಹೊರಗೆ ಸಿಂದಗಿಯ ಹುಡುಗಿಯರು ಗೆದ್ದದ್ದನ್ನು ಬಿರಾದಾರ ಸರ್ ಮೊದಲ ಸಲ ನೋಡಿದ್ದು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು.

ಈ ಸುದ್ದಿಗೆ ಅಧ್ಯಕ್ಷರು ಅಂದದ್ದು ಒಂದೇ ಮಾತು. "ಚುಲೋ ಆತು. ಗೆದ್ದ ಹೆಸರಲೇನ ಕಂಬ ಕೀಳೂನು."

ಮರುವಾರ ಹೊಸ ಕಣಕ್ಕೆ ಮಣ್ಣು ಬರುವುದಿತ್ತು. ಅದರ ಹಿಂದಿನ ದಿನ ಭಾನುವಾರ. ತಂಡದವರೆಲ್ಲ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದುಕೊಂಡು ಬಯಲಿಗೆ ಬಂದೆವು. ಯೋಜನೆ ನನ್ನದು, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಕಂಬ ಸಂಸ್ಥೆಯದು, ಮುಟ್ಟುವಂತಿಲ್ಲ, ಸರಿ. ಮಣ್ಣು ಸಂಸ್ಥೆಯದಲ್ಲವಲ್ಲ! ಅದು ಖಾದರಸಾಬರದು. ಬಾಗೇವಾಡಿಯವರು ಬಂದಾಗ ರಿಂಗು ನ್ಯಾಯವಾದ ಎತ್ತರದಲ್ಲಿರಬೇಕು. ಸರಿಯಾದ ಅಂಗಳದಲ್ಲಿ ಎಲ್ಲರ ಕಣ್ಣೆದುರು ಆಡಿ ತೋರಿಸಿದ ಮೇಲೆ ಕಂಬ ಕೀಳುವುದು ಯಾರಿಗೂ ಅಷ್ಟು ಸುಲಭವಾಗುವುದಿಲ್ಲ ಎಂದು ನಮ್ಮ ನಂಬಿಕೆ.

ಹತ್ತು ಬುಟ್ಟಿ ಮಣ್ಣು ತೆಗೆಯುವಷ್ಟರಲ್ಲಿ ಖಾದರಸಾಬರು ಬಂದರು. ಯಾರೋ ಅಂಗಡಿಗೆ ಓಡಿ ಹೇಳಿದ್ದರು. ದಪ್ಪ ಮನುಷ್ಯ, ಮೆಲ್ಲಗೆ ನಡೆಯುವವರು, ಅವತ್ತು ಮಾತ್ರ ಏದುಸಿರು ಬಿಡುತ್ತಿದ್ದರು. ಮಾರ್ಕೆಟ್ಟಿನಲ್ಲಿ ಅವರ ತೂಕಕ್ಕೆ ದೊಡ್ಡ ಹೆಸರು. ದಿನಾ ಬೆಳಿಗ್ಗೆ ಮೊದಲ ಚೀಲ ಏರಿಸುವ ಮುಂಚೆ ತೂಕದ ಕಾಟಾವನ್ನು ತಾವೇ ಬಗ್ಗಿ, ಅಡಿಯವರೆಗೂ ಅರಿವೆಯಿಂದ ಒರೆಸುತ್ತಿದ್ದರು, ಹಮಾಲರ ಕೈಗೆ ಆ ಕೆಲಸ ಕೊಡುತ್ತಿರಲಿಲ್ಲ.

ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. "ಏನ್ ನಡಸೀರಿ ಇದು? ಅನ್ನ ಹರವೂ ಜಾಗಾ ಗುದ್ದಲೀಲೆ ಕಡೀತೀರಿ? ಮೆಹರು, ನೀನೂ?"

ಮೆಹರು ಗುದ್ದಲಿ ಕೆಳಗಿಡಲಿಲ್ಲ. ಅವಳ ದನಿ ಮಾತ್ರ ಸಣ್ಣಗಾಗಿತ್ತು. "ಅಬ್ಬಾ, ಒಂದ ಮಾತ ಕೇಳತೇನಿ. ನಿನ್ನ ಕಾಟಾದ ಅಡಿಗೆ ಮಣ್ಣ ಸಿಕ್ಕಿದ್ರ ನೀ ತೂಗತೀಯೇನು?"

"ಇದಕ್ಕೂ ಅದಕ್ಕೂ ಏನ್ ಸಂಬಂಧ?"

"ನೀ ಹೇಳು ಮೊದಲ. ತೂಗತೀಯೇನು?"

"ನಾ ಯಾಕ ತೂಗಲಿ? ರೈತಗ ಮೋಸ ಆಗತೈತಿ."

"ಇಲ್ಲಿ ಬಂದ ನೋಡು ಹಂಗಾರ." ಅವಳು ಅಪ್ಪನನ್ನು ಕಂಬದ ಬುಡದ ಕುಳಿಯ ಹತ್ತಿರ ಕರೆದುಕೊಂಡು ಹೋದಳು. ಪದರಗಳನ್ನು ಬೆರಳಿಟ್ಟು ತೋರಿಸಿದಳು. "ಇದು ನಮ್ಮ ಕಾಟಾ. ಇದರ ಅಡಿಗೆ ನಿನ್ನ ಮಣ್ಣ ಸಿಕ್ಕೇತಿ. ಬಂದವ್ರಿಗೂ ಮೋಸ, ನಮಗೂ ಮೋಸ. ಮಂದಿ ನಮ್ಮ ಕೈ ನಡಗತಾವ ಅಂತಾರ. ನಡಗಾಕತ್ತಿಲ್ಲ ಅಬ್ಬಾ, ನೆಲಾನ ಸುಳ್ಳ ಹೇಳಾಕತ್ತೇತಿ."

ಖಾದರಸಾಬರು ಕುಳಿಯ ಮುಂದೆ ಕುಕ್ಕರಿಸಿದರು. ಒಂದು ಪದರವನ್ನು ಉಗುರಿನಿಂದ ಕೆರೆದು ಮೂಸಿದರು. ಸಿಟ್ಟು ಇಳಿದಿರಲಿಲ್ಲ, ಅದರ ಜೊತೆ ಇನ್ನೇನೋ ಸೇರಿಕೊಂಡಿತ್ತು. ಎದ್ದು ಹೊರಟವರು ಚಪ್ಪಲಿ ಮೆಟ್ಟುತ್ತ, "ಅಗೀರಿ," ಎಂದರು. "ಆದ್ರ ನನ್ನ ಹಮಾಲರನ್ನ ಕೇಳಬ್ಯಾಡ್ರಿ. ನಿಮ್ಮ ಆಟ, ನೀವ ಅಗೀರಿ. ಈ ವರ್ಸ ನಾ ಆ ಕಡೆ ತಾಡಪತ್ರಿ ಹಾಸತೇನಿ. ತೊಗರಿ ಬೆವರಿದ್ರ ನಿಮ್ಮನ್ನ ಕರದ ಬೀಸಣಕಿ ಹಿಡಸತೇನಿ."

ಅಗೆದೆವು. ಕಾಲೇಜು ಮುಗಿದ ಮೇಲೆ ದಿನಾ ಸಂಜೆ, ಕತ್ತಲಾಗುವವರೆಗೆ. ವರ್ಷಗಟ್ಟಲೆ ಬಡಿದು ಕೂಡಿಸಿದ ಮಣ್ಣು ಅದು, ಗುದ್ದಲಿ ಹಾಕಿದರೆ ಕೈಯೇ ವಾಪಸು ಬರುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ರೊಟ್ಟಿ ಬಡಿಯಲು ಆಗುವುದಿಲ್ಲವೆಂದು ಅವ್ವನಿಗೆ ಹೇಳಿದರೆ, "ಅಧ್ಯಕ್ಷರನ್ನ ಕರಿ, ಅವರ ಬಂದ ಬಡೀಲಿ" ಎಂದಳು. ಅವ್ವ ನಮ್ಮ ಕಡೆ ಇದ್ದಾಳೆಂದು ನನಗೆ ಗೊತ್ತಾದದ್ದು ಆಗಲೇ. ಒಂದು ಸಂಜೆ ಖಾದರಸಾಬರ ಟ್ರ್ಯಾಕ್ಟರು ಯಾವ ಕೆಲಸವೂ ಇಲ್ಲದೆ ಬಯಲಿಗೆ ಬಂತು. "ಹಿಂಗ ಹೊಂಟಿದ್ದೆ" ಎಂದು ಡ್ರೈವರು ಮುಗುಳ್ನಕ್ಕು, ನಾವು ಸಡಿಲ ಮಾಡಿದ್ದ ಮಣ್ಣನ್ನು ಬ್ಲೇಡಿನಿಂದ ಎಳೆದು ಎಳೆದು ಬದಿಗೆ ಒಡ್ಡು ಹಾಕಿದ. ಕಡೆಗೆ ಟೇಪು ಹಿಡಿದಾಗ ರಿಂಗು ಇರಬೇಕಾದಲ್ಲಿ ಇತ್ತು.

ಸಂಕ್ರಾಂತಿಯ ಆಚೀಚೆ ಬಾಗೇವಾಡಿಯವರು ಬಂದರು. ಬಯಲಿನ ಆ ಬದಿಯಲ್ಲಿ ತಾಡಪತ್ರಿಯ ಮೇಲೆ ತೊಗರಿ ಹರಡಿತ್ತು, ರಾಶಿ ಮಷಿನ್ನಿನ ಹೊಟ್ಟು ಗಾಳಿಯಲ್ಲಿ ತೇಲಿ ಬಂದು ಬೆವರಿಗೆ ಅಂಟುತ್ತಿತ್ತು. ಒಡ್ಡಿನ ಮೇಲೆ ಊರೇ ಕೂತಿತ್ತು. ರೈತರು, ಹಮಾಲರು, ಸುಟ್ಟ ಎಳೇ ಜೋಳದ ಸೀತನಿ ತಿನ್ನುತ್ತಿದ್ದ ಹೆಂಗಸರು, ನಮ್ಮ ಅವ್ವ. ನಡುವೆ ಕುರ್ಚಿಯ ಮೇಲೆ ಅಧ್ಯಕ್ಷರು. ರಾಶಿ ಅಳೆಯುವಾಗ ಮೊದಲ ಅಳತೆಗೆ ನಮ್ಮಲ್ಲಿ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನಾನು ನನ್ನ ಜಾಗದಿಂದ ಮೊದಲ ಚೆಂಡು ಹಾಕಿದಾಗ ಹಮಾಲರೆಲ್ಲ ಒಟ್ಟಿಗೆ, "ಲಾಭಾ!" ಎಂದು ಕೂಗಿದರು. ಮೈ ಝುಂ ಎಂದಿತು.

ಅದು ನಾವು ಆಡಿದ ಎಲ್ಲಕ್ಕಿಂತ ಒಳ್ಳೆಯ ಆಟ. ಈ ಸಲ ಯಾರಿಗೂ ನೆಲದ ನೆಪ ಇರಲಿಲ್ಲ. ಅವರ ಚೆಂಡೂ ಬೀಳುತ್ತಿತ್ತು, ನಮ್ಮದೂ ಬೀಳುತ್ತಿತ್ತು. ಕೊನೆಯ ನಿಮಿಷದಲ್ಲಿ ಮೆಹರು ಇಬ್ಬರನ್ನು ದಾಟಿ ಹಾಕಿದ ಬುಟ್ಟಿಯಿಂದ ನಾವು ಒಂದು ಪಾಯಿಂಟು ಮುಂದೆ ಹೋದೆವು. ಒಡ್ಡಿನ ಮೇಲಿನವರೆಲ್ಲ ಎದ್ದು ನಿಂತರು. ನಮ್ಮ ಜವಾನ ಗಂಟೆಯ ಹತ್ತಿರ ಕೋಲು ಹಿಡಿದು ನಿಂತಿದ್ದ. ಬಾಗೇವಾಡಿಯವರು ಗೆರೆಯ ಹೊರಗಿನಿಂದ ಚೆಂಡು ಒಳಗೆ ಕೊಟ್ಟರು. ಅದು ಅವರ ತಂಡದ ಎಲ್ಲರಿಗಿಂತ ಸಣ್ಣ ಹುಡುಗಿಯ ಕೈಗೆ ಬಂತು. ಎರಡು ಜಡೆ, ಕೆಂಪು ರಿಬ್ಬನ್ನು. ನಡುಗೆರೆಯ ಹತ್ತಿರ ನಿಂತಿದ್ದಳು, ಮುಂದೆ ಬರಲು ಸಮಯವಿಲ್ಲ. ಎರಡೂ ಕೈಯಿಂದ ಎತ್ತಿ ಒಗೆದಳು. ಚೆಂಡು ಅವಳ ಕೈ ಬಿಟ್ಟ ಮೇಲೆ ಗಂಟೆ ಹೊಡೆಯಿತು, ಅದನ್ನು ನಾನೇ ನೋಡಿದೆ. ನಾವೆಲ್ಲ ಕತ್ತೆತ್ತಿ ನಿಂತೆವು. ಚೆಂಡು ರಿಂಗಿನ ಹಿಂದಿನ ಅಂಚಿಗೆ ಬಡಿದು, ನೆಟ್ಟಗೆ ಮೇಲೆದ್ದು, ಒಳಗೆ ಬಿತ್ತು.

ಮಷಿನ್ನಿನ ಸದ್ದು ಮಾತ್ರ. ಆಮೇಲೆ ಬಾಗೇವಾಡಿಯ ಹುಡುಗಿಯರ ಕಿರುಚಾಟ. ಕಸ್ತೂರಿ ನೆಲದ ಮೇಲೆ ಕೂತು ಅತ್ತಳು, ಮೆಹರು ಹೋಗಿ ಆ ಸಣ್ಣ ಹುಡುಗಿಯ ಕೈ ಹಿಡಿದಳು. ನಾನು ಚೆಂಡು ಎತ್ತಿಕೊಂಡು ರಿಂಗಿನ ಕೆಳಗೆ ನಿಂತಿದ್ದೆ.

ಅಧ್ಯಕ್ಷರು ಕುರ್ಚಿಯಿಂದ ಎದ್ದರು. ಎಲ್ಲರಿಗೂ ಕೇಳುವ ಹಾಗೆ, "ನೋಡ್ರಪಾ," ಎಂದರು, "ಅಗೀಲಿಲ್ಲಂದ್ರ ಗೆಲ್ಲತಿದ್ರು. ರಿಂಗ ಮೊದಲಿನಂಗ ತಗ್ಗಿನ್ಯಾಗ ಇದ್ರ ಆ ಚೆಂಡ ಮ್ಯಾಲ ಹಾದ ಹೋಗತಿತ್ತು. ತಮ್ಮ ಕಾಲ ಮ್ಯಾಲ ತಾವ ಕಲ್ಲ ಹಾಕ್ಕೊಂಡ್ರು. ನಾಳಿ ಕಂಬಾ ಕಿತ್ತಸ್ತೇನಿ. ಮುಗೀತಲ್ಲ."

ಅವರು ಹೇಳಿದ್ದು ನಿಜ. ಒಂದು ಗೇಣು ಕೆಳಗಿದ್ದರೆ ಆ ಚೆಂಡು ರಿಂಗಿನ ಮೇಲಿಂದ ಹಾದು ಬೋರ್ಡಿಗೆ ಬಡಿದು ಆಚೆ ಹೋಗುತ್ತಿತ್ತು, ನಾವು ಗೆಲ್ಲುತ್ತಿದ್ದೆವು. ನಿಜವಾದ್ದರಿಂದಲೇ ನನ್ನ ತಲೆ ಕೆಟ್ಟಿತು. ಚೆಂಡು ಹಿಡಿದುಕೊಂಡೇ ಒಡ್ಡಿನ ಬಳಿಗೆ ನಡೆದೆ.

"ಹೌದ್ರಿ," ಎಂದೆ. "ಅಗದಿದ್ದಕ್ಕ ಸೋತೇವಿ. ಮತ್ತ ಮಣ್ಣ ಹಾಕಿದ್ರ ಮತ್ತ ಅಗೀತೇವಿ. ಮತ್ತ ಸೋತ್ರ ಸೋಲತೇವಿ. ತಗ್ಗಿನ ರಿಂಗಿನ ಗೆಲುವು ನಮಗ ಬ್ಯಾಡ್ರಿ."

"ಸುವರ್ಣಾ," ಎಂದು ಬಿರಾದಾರ ಸರ್ ಹಿಂದಿನಿಂದ ಎಚ್ಚರಿಸಿದರು. ನಿಲ್ಲುವ ಹಂತ ನಾನು ದಾಟಿದ್ದೆ.

"ಹೆಣ್ಮಕ್ಕಳ ಕೈ ನಡಗತಾವ ಅಂದಿದ್ರಿ. ಇವತ್ತ ಅಲ್ಲಿಂದ ಒಗದ ಹಾಕಿದಾಕಿನೂ ಹೆಣ್ಣಮಗಳ. ನೀವ ಬರ್ರಿ, ನಡಗಲಾರದ ಕೈ ಹೆಂಗಿರತಾವ ನೋಡೂಣು. ದೂರದಿಂದ ಬ್ಯಾಡ್ರಿ, ಈ ಗೆರಿ ಮ್ಯಾಲ ನಿಂತ ಒಗೀರಿ, ಅಡ್ಡ ಯಾರೂ ಬರೂದಿಲ್ಲ. ನಿಮ್ಮ ಚೆಂಡ ಒಳಗ ಬಿದ್ರ ನಾವ ಬಂದ ಕಂಬ ಕಿತ್ತ ಕೊಡತೇವಿ. ಬೀಳೂಮಟ ಕಂಬ ಇಲ್ಲೇ ಇರಬೇಕು."

ಒಡ್ಡಿನ ಮೇಲೆ ಗುಸುಗುಸು ಎದ್ದಿತು. ನನಗೆ ಆಗ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಖಾದರಸಾಬರು ಬಾಯಿಂದ ಸೀತನಿಯ ಸಿಪ್ಪೆ ತೆಗೆದು, ಬಹಳ ಗೌರವದಿಂದ, "ಹೋಗ್ರಿ ಅಧ್ಯಕ್ಷರ, ಒಂದ ಬುಟ್ಟಿ ಲಾಭ ಮಾಡ್ರಿ," ಎಂದರು. ಹಮಾಲರು ಹೋ ಎಂದರು. ಹೆಂಗಸರು ಚಪ್ಪಾಳೆ ತಟ್ಟಿದರು, ಎಲ್ಲರಿಗಿಂತ ಜೋರಾಗಿ ನಮ್ಮ ಅವ್ವ.

ಇಡೀ ಊರೆದುರು ಒಂದು ಚೆಂಡಿಗೆ ಹಿಂಜರಿಯುವುದು ಅಧ್ಯಕ್ಷರಿಗೆ ಆಗುವ ಮಾತಲ್ಲ. "ಇದರಾಗೇನೈತಿ" ಎಂದು ಚಪ್ಪಲಿ ಬಿಟ್ಟರು, ಧೋತರ ಎತ್ತಿ ಕಟ್ಟಿದರು, ಪೇಪರನ್ನು ಬಿರಾದಾರ ಸರ್ ಕೈಗೆ ಕೊಟ್ಟರು. ಗೆರೆಯ ಮೇಲೆ ನಿಂತು ಎಸೆದರು. ಚೆಂಡು ರಿಂಗನ್ನು ಮುಟ್ಟಲೇ ಇಲ್ಲ. ಮತ್ತೆ ಎಸೆದರು, ನೆಟ್ಟಿಗೆ ತಗುಲಿ ಬಿತ್ತು. ಮೂರನೆಯದು ಮುಂದಿನ ಅಂಚಿಗೆ ಬಡಿದು ಅವರ ಕಾಲ ಬಳಿಯೇ ಬಂತು, ಇಂಡಿಯಲ್ಲಿ ನನಗೆ ಬಂದ ಹಾಗೆಯೇ. ಬಾಗೇವಾಡಿಯ ಹುಡುಗಿಯರೂ ನಮ್ಮ ಜೊತೆ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಧ್ಯಕ್ಷರು ಬೆವರೊರೆಸಿಕೊಂಡರು. "ಇವತ್ತ ಗಾಳಿ ಭಾಳ ಐತಿ," ಎಂದರು. "ಇನ್ನೊಮ್ಮೆ ನೋಡೂಣು."

ಮರುದಿನ ಕಂಬ ಕೀಳಲು ಯಾರೂ ಬರಲಿಲ್ಲ. ಆಮೇಲೂ ಬರಲಿಲ್ಲ. ಬಸ್ಸು ಬಿಟ್ಟು ಇವತ್ತು ನಾನು ಬಂದು ನಿಂತ ಈ ಬಯಲಿನಲ್ಲಿ ಎರಡೂ ಕಂಬ ಹಾಗೇ ಇವೆ. ಖಾದರಸಾಬರ ಅಂಗಡಿಯಲ್ಲಿ ಈಗ ಮೆಹರು ಕೂರುತ್ತಾಳೆ, ಫೋನು ಮಾಡಿದಾಗಲೆಲ್ಲ ಅಧ್ಯಕ್ಷರ ಸುದ್ದಿ ಹೇಳುತ್ತಾಳೆ. ಅಧ್ಯಕ್ಷರು ಮಾತಿಗೆ ತಪ್ಪುವವರಲ್ಲ. ಪ್ರತಿ ವರ್ಷ ಸುಗ್ಗಿಯಲ್ಲಿ ಒಂದು ಸಂಜೆ ಬಯಲಿಗೆ ಬಂದು, ಚಪ್ಪಲಿ ಬಿಟ್ಟು, ಗೆರೆಯ ಮೇಲೆ ನಿಂತು ಎಸೆಯುತ್ತಾರೆ. ನೋಡಲು ಮಾರ್ಕೆಟ್ಟೇ ಬರುತ್ತದೆ. ಇನ್ನೂ ಬಿದ್ದಿಲ್ಲ. ವಯಸ್ಸಾಯಿತು, ಚೆಂಡು ಹೇಗೆ ಹಿಡಿಯಬೇಕೆಂದು ಈಗಿನ ತಂಡದ ಹುಡುಗಿಯರನ್ನೇ ಕೇಳುತ್ತಾರಂತೆ. ಹುಡುಗಿಯರೂ ಬಹಳ ಪ್ರೀತಿಯಿಂದ, ಅವರ ಮೊಣಕೈ ಹಿಡಿದು ಎತ್ತಿ, ಬೆರಳು ಬಿಡಿಸಿ ತೋರಿಸಿ, ಬೇಕೆಂದೇ ಸ್ವಲ್ಪ ತಪ್ಪಾಗಿ ಹೇಳಿಕೊಡುತ್ತಾರೆ.